ದೋಣಿಯ ಫ್ರಿಜ್ ಹಗಲೂ ರಾತ್ರಿ ಓಡುತ್ತಿದೆ, ತಂಪು ಮಾತ್ರ ಇಲ್ಲ: ಕಂಪ್ರೆಸರ್ ಬದಲಿಸಬೇಕಾ?

ಪ್ರಶ್ನೆ: ನಮ್ಮದು 11 ಮೀಟರ್ ಉದ್ದದ ಹಾಯಿದೋಣಿ. ನಾನೂ ನನ್ನ ಹೆಂಡತಿಯೂ ಅದರಲ್ಲೇ ವಾಸ. ಅಡುಗೆ ಜಾಗದ ಪಕ್ಕದಲ್ಲಿ, ದೋಣಿ ಕಟ್ಟುವಾಗಲೇ ಕೂರಿಸಿದ ಸುಮಾರು 100 ಲೀಟರಿನ ಫ್ರಿಜ್ ಪೆಟ್ಟಿಗೆ ಇದೆ. ಮುಚ್ಚಳ ಮೇಲುಗಡೆ. 12 ವೋಲ್ಟಿನ, ಗಾಳಿಯಿಂದ ತಣಿಯುವ ಕಂಪ್ರೆಸರ್ ಎಂಜಿನ್ ಪಕ್ಕದ ಸೀಟಿನ ಕೆಳಗಿದೆ. ತಂಪು ಸೀಮೆಯಲ್ಲಿ ಇದ್ದಾಗ ಏನೂ ತೊಂದರೆ ಇರಲಿಲ್ಲ. ಉಷ್ಣವಲಯಕ್ಕೆ ಬಂದ ಮೇಲೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ದಿನಕ್ಕೆ 90 ಆಂಪಿಯರ್-ಅವರ್ ತಿನ್ನುತ್ತದೆ, ಆದರೂ ಒಳಗೆ 9 ಡಿಗ್ರಿಗಿಂತ ಕೆಳಗೆ ಇಳಿಯುವುದಿಲ್ಲ. ಬೆಳಗಿನ ಜಾವ ಒಮ್ಮೊಮ್ಮೆ ತಾನಾಗಿಯೇ ನಿಂತುಬಿಡುತ್ತದೆ. ಒಬ್ಬರು ದೊಡ್ಡ ಕಂಪ್ರೆಸರ್ ಹಾಕಿಸಿ, ಅದೂ ಸಮುದ್ರದ ನೀರಿನಿಂದ ತಣಿಯುವಂಥದ್ದು ಅಂತಾರೆ. ಇನ್ನೊಬ್ಬರು ಗ್ಯಾಸ್ ತುಂಬಿಸಿ ಅಂತಾರೆ. ಮತ್ತೊಬ್ಬರು ಒಳಗೆ ಅಲ್ಯುಮಿನಿಯಂ ಹಾಳೆ ಅಂಟಿಸಿದರೆ ಸಾಕು ಅಂತಾರೆ. ಇನ್ಸುಲೇಷನ್ 5 ಸೆಂ.ಮೀ. ಇರಬಹುದು, ಖಚಿತವಿಲ್ಲ. ರಾತ್ರಿ ಆಫ್ ಮಾಡಿದರೆ ಉಳಿತಾಯ ಆಗುತ್ತದಾ? ಮೊದಲು ಯಾವುದಕ್ಕೆ ಕೈ ಹಾಕಲಿ?

ಉತ್ತರ: ನೀವು ಬರೆದದ್ದರಲ್ಲಿ ನನಗೆ ತುಂಬಾ ಉಪಯೋಗವಾದದ್ದು ಎರಡು ಅಂಕಿ. 90 ಆಂಪಿಯರ್-ಅವರ್, ಮತ್ತೆ ಆ 9 ಡಿಗ್ರಿ. ಜನ ಸಾಮಾನ್ಯವಾಗಿ "ಫ್ರಿಜ್ ಸರಿಯಿಲ್ಲ" ಅಂತಷ್ಟೇ ಬರೆಯುತ್ತಾರೆ, ಅದರಿಂದ ಏನೂ ಹೇಳಲಾಗುವುದಿಲ್ಲ. ಈ ಎರಡು ಅಂಕಿ ಇದ್ದರೆ ಅರ್ಧ ಕೆಲಸ ಕೂತಲ್ಲೇ ಆಗುತ್ತದೆ.

ಲೆಕ್ಕ ನೋಡಿ. 12 ವೋಲ್ಟಿನಲ್ಲಿ 90 ಆಂಪಿಯರ್-ಅವರ್ ಅಂದರೆ 1080 ವಾಟ್-ಅವರ್. 24 ಗಂಟೆಗೆ ಹಂಚಿದರೆ ಸರಾಸರಿ 45 ವಾಟ್. ಇಂಥ ಸಣ್ಣ ಕಂಪ್ರೆಸರ್ ಬಿಸಿ ಹವೆಯಲ್ಲಿ ಒಂದು ವಾಟ್ ಕರೆಂಟಿಗೆ ಹೆಚ್ಚುಕಡಿಮೆ ಒಂದೂಕಾಲು ವಾಟ್ ಶಾಖವನ್ನು ಪೆಟ್ಟಿಗೆಯಿಂದ ಆಚೆ ಹಾಕುತ್ತದೆ. ಅಂದರೆ ನಿಮ್ಮ ಯಂತ್ರ ಚೆನ್ನಾಗಿದ್ದರೆ ಅದು ಆಚೆ ಹಾಕುತ್ತಿರುವುದು 55 ವಾಟ್ ಆಸುಪಾಸು. ಈಗ ಒಳಗೆ ಬರುವ ಕಡೆ ನೋಡೋಣ. 100 ಲೀಟರ್ ಪೆಟ್ಟಿಗೆ, ಸುತ್ತಲೂ ಒಣಗಿದ 5 ಸೆಂ.ಮೀ. ಪಾಲಿಯುರೆಥೇನ್ ಫೋಮ್, ಒಳಗೆ 9 ಡಿಗ್ರಿ, ಹೊರಗೆ 33 ಡಿಗ್ರಿ ಅಂದುಕೊಂಡರೆ ಗೋಡೆಗಳ ಮೂಲಕ ಬರುವುದು 20 ವಾಟ್ ಕೂಡ ಇಲ್ಲ. ಮುಚ್ಚಳ ತೆಗೆದು ಹಾಕುವುದಕ್ಕೆ, ಹೊಸ ಸಾಮಾನು ತಣಿಸುವುದಕ್ಕೆ ಅಂತ ಇನ್ನೊಂದು 10-15 ಸೇರಿಸಿ. ಅಲ್ಲಿಗೆ 35 ಆಯಿತು. ಮಿಕ್ಕ 20 ವಾಟ್ ಎಲ್ಲಿಯದು?

ಒಂದೋ ಅಷ್ಟು ಶಾಖ ನಿಜಕ್ಕೂ ಒಳಗೆ ನುಗ್ಗುತ್ತಿದೆ, ಅಂದರೆ ಫೋಮ್ ಒದ್ದೆಯಾಗಿದೆ ಅಥವಾ ಮುಚ್ಚಳ ಸೋರುತ್ತಿದೆ. ಇಲ್ಲವೇ ಕಂಪ್ರೆಸರ್ ಕರೆಂಟು ಪೂರ್ತಿ ತಿಂದು ಕೆಲಸ ಮಾತ್ರ ಕಡಿಮೆ ಮಾಡುತ್ತಿದೆ. ನಾನು ಕೈಹಾಕಿದ ಹಳೇ ದೋಣಿಗಳಲ್ಲಿ ಬಹುಪಾಲು ಎರಡೂ ಸೇರಿಕೊಂಡಿರುತ್ತವೆ. ಆದರೆ ಯಾವುದು ಎಷ್ಟು ಅಂತ ತಿಳಿಯದೆ ದುಡ್ಡು ಬಿಚ್ಚಬೇಡಿ. ದೊಡ್ಡ ಕಂಪ್ರೆಸರ್ ಹಾಕಿದರೆ ಒಳಗೆ ಬರುವ ಶಾಖ ಒಂದು ವಾಟ್ ಕೂಡ ಕಡಿಮೆಯಾಗುವುದಿಲ್ಲ. ಪೆಟ್ಟಿಗೆ ತಣ್ಣಗಾಗಬಹುದು, ನಿಜ. ಆದರೆ ತಣ್ಣಗಾದಷ್ಟೂ ಶಾಖ ಜಾಸ್ತಿ ನುಗ್ಗುತ್ತದೆ, ಬ್ಯಾಟರಿ ಈಗಿನದಕ್ಕಿಂತ ಬೇಗ ಖಾಲಿಯಾಗುತ್ತದೆ.

ಥರ್ಮಾಮೀಟರ್ ಒಂದಿದ್ದರೆ ಮಾಡಬಹುದಾದ ಪರೀಕ್ಷೆ ಹೇಳುತ್ತೇನೆ. ಫ್ರಿಜ್ಜಿನ ಸಾಮಾನೆಲ್ಲ ಒಂದು ದಿನಕ್ಕೆ ಐಸ್ ಪೆಟ್ಟಿಗೆಗೆ ಸಾಗಿಸಿ. 20 ಲೀಟರ್ ನೀರನ್ನು ಬಾಟಲಿಗಳಲ್ಲಿ ತುಂಬಿ ಒಳಗಿಟ್ಟು, ಎಷ್ಟು ತಣ್ಣಗಾಗುತ್ತದೋ ಅಷ್ಟು ಆಗಲಿ ಅಂತ ಬಿಡಿ. ಆಮೇಲೆ ಫ್ರಿಜ್ ಆಫ್ ಮಾಡಿ, ಒಳಗೆ ಕಟ್ಟಿದ ಹಿಮ ತೆಗೆದುಹಾಕಿ, ಇಲ್ಲದಿದ್ದರೆ ಅದು ಕರಗುತ್ತಾ ಲೆಕ್ಕ ಕೆಡಿಸುತ್ತದೆ. ಬಾಟಲಿಯೊಳಗಿನ ನೀರಿನ ಉಷ್ಣತೆ ಬರೆದುಕೊಳ್ಳಿ, ಗಾಳಿಯದ್ದಲ್ಲ. ಮುಚ್ಚಿ. ಆರು ಗಂಟೆ ಮುಟ್ಟಬೇಡಿ. ಮತ್ತೆ ಅಳೆಯಿರಿ. ಎಷ್ಟು ಲೀಟರ್ ಇದೆಯೋ ಅದನ್ನು 1.16ರಿಂದ ಗುಣಿಸಿ, ಏರಿದ ಡಿಗ್ರಿಯಿಂದ ಗುಣಿಸಿ, ಗಂಟೆಗಳಿಂದ ಭಾಗಿಸಿ. ಬರುವುದು ವಾಟ್. 5 ಡಿಗ್ರಿ ಏರಿದ್ದರೆ 19 ವಾಟ್, ಅಂದರೆ ಪೆಟ್ಟಿಗೆ ಚೆನ್ನಾಗಿದೆ, ಯಂತ್ರದ ಕಡೆ ಹೋಗಿ. 11 ಡಿಗ್ರಿ ಏರಿದ್ದರೆ 42 ವಾಟ್ ದಾಟಿತು, ಅಲ್ಲಿಗೆ ಕಳ್ಳ ಗೋಡೆಯಲ್ಲೋ ಮುಚ್ಚಳದಲ್ಲೋ ಇದ್ದಾನೆ.

ಇನ್ನು ನಿಮಗೆ ಸಿಕ್ಕ ಸಲಹೆಗಳು.

ಅಲ್ಯುಮಿನಿಯಂ ಹಾಳೆ. ಇದು ಹೊಳೆಯುವ ಮೈಯಿಂದ ಶಾಖದ ಕಿರಣವನ್ನು ವಾಪಸ್ ಕಳಿಸುತ್ತದೆ, ಅದು ಸುಳ್ಳಲ್ಲ. ಆದರೆ ಅದಕ್ಕೆ ಮುಂದೆ ಖಾಲಿ ಗಾಳಿ ಜಾಗ ಬೇಕು. ಫೋಮಿಗೂ ಗೋಡೆಗೂ ನಡುವೆ ಒತ್ತಿ ಅಂಟಿಸಿದರೆ ಕಿರಣಕ್ಕೆ ದಾರಿಯೇ ಇಲ್ಲ, ಶಾಖ ಲೋಹದ ಮೂಲಕ ಸುಮ್ನೆ ದಾಟಿಹೋಗುತ್ತದೆ. ಪೆಟ್ಟಿಗೆಯ ಒಳಮೈಗೆ ಅಂಟಿಸಿದರೂ ಅಷ್ಟೇ, ಅಲ್ಲಿ ಸಾಮಾನಿಗೂ ಗೋಡೆಗೂ ಉಷ್ಣತೆಯ ವ್ಯತ್ಯಾಸವೇ ಕಡಿಮೆ. ಹಾಳೆಗೆ ಬೇರೆ ಒಂದು ಒಳ್ಳೆ ಉಪಯೋಗ ಇದೆ, ಮುಂದೆ ಬರುತ್ತೇನೆ.

ಗ್ಯಾಸ್. ವರ್ಷಕ್ಕೊಮ್ಮೆ ಗ್ಯಾಸ್ ತುಂಬಿಸಬೇಕು ಅನ್ನುವುದು ತಪ್ಪು. ಇದು ಪೂರ್ತಿ ಮುಚ್ಚಿದ ವ್ಯವಸ್ಥೆ. ಕಡಿಮೆಯಾಗಿದ್ದರೆ ಎಲ್ಲೋ ಸೋರಿದೆ, ಆ ಜಾಗ ಹುಡುಕದೆ ತುಂಬಿಸಿದರೆ ಮತ್ತೆ ಸೋರುತ್ತದೆ. ಕಡಿಮೆಯಾಗಿದೆಯಾ ಅಂತ ನೀವೇ ನೋಡಬಹುದು. ಹಿಮವೆಲ್ಲ ಕರಗಿಸಿ ಮತ್ತೆ ಚಾಲೂ ಮಾಡಿ, ಒಂದು ಗಂಟೆ ಬಿಟ್ಟು ಒಳಗಿನ ಇವಾಪೊರೇಟರ್, ಅಂದರೆ ಪೆಟ್ಟಿಗೆಯನ್ನು ತಣಿಸುವ ತಟ್ಟೆ, ನೋಡಿ. ಪೂರ್ತಿ ಸಮನಾಗಿ ಹಿಮ ಹಿಡಿದಿದ್ದರೆ ಗ್ಯಾಸ್ ಸರಿ ಇದೆ. ಒಂದು ಮೂಲೆಗೆ ಮಾತ್ರ ಹಿಡಿದು ಮಿಕ್ಕದ್ದು ಬೆವರುತ್ತಿದ್ದರೆ ಕಡಿಮೆ ಇರಬಹುದು. ಪೆಟ್ಟಿಗೆಯಿಂದ ಹೊರಗೆ ಬಂದ ಪೈಪಿನ ಮೇಲೂ ಕಂಪ್ರೆಸರ್ ತನಕ ಹಿಮ ಕಟ್ಟಿದ್ದರೆ ಜಾಸ್ತಿ ತುಂಬಿದ್ದಾರೆ. ಜಾಸ್ತಿಯೂ ರೋಗವೇ. ಈ ಯಂತ್ರಗಳಲ್ಲಿ ಇರುವುದೇ ನೂರು ಗ್ರಾಂ ಆಸುಪಾಸು ಗ್ಯಾಸ್, ಪ್ರತಿ ಸಲ ಒತ್ತಡ ಅಳೆಯುವ ಗೇಜ್ ಸಿಕ್ಕಿಸಿ ತೆಗೆಯುವಾಗ ಅದರಲ್ಲೂ ಒಂದಿಷ್ಟು ಹೋಗುತ್ತದೆ. ಕಾರಣ ಇಲ್ಲದೆ ಗೇಜ್ ಹಾಕಲು ಯಾರಿಗೂ ಬಿಡಬೇಡಿ.

ಹಾಗೆಯೇ, ಇಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವ ಆರ್-134ಎ ಗ್ಯಾಸ್ ಸಿಗದ ಕಡೆ ಅದರ ಬದಲಿಗೆ ಪ್ರೊಪೇನ್ ಅಥವಾ ಐಸೊಬ್ಯೂಟೇನ್ ಬೆರೆತ ಗ್ಯಾಸ್ ಹಾಕುತ್ತೇವೆ ಅನ್ನುವವರು ಸಿಗುತ್ತಾರೆ. ತಂಪಂತೂ ಚೆನ್ನಾಗಿಯೇ ಬರುತ್ತದೆ. ಆದರೆ ಅದು ಉರಿಯುವ ಗ್ಯಾಸ್, ಗಾಳಿಗಿಂತ ಭಾರ. ಸೋರಿದರೆ ದೋಣಿಯ ತಳದಲ್ಲಿ ಹೋಗಿ ಕೂರುತ್ತದೆ, ಅಲ್ಲೇ ನಿಮ್ಮ ನೀರೆತ್ತುವ ಪಂಪು, ವೈರು, ಎಂಜಿನ್ ಸ್ಟಾರ್ಟರ್ ಎಲ್ಲ ಇರುವುದು. ಆ ಗ್ಯಾಸಿಗಾಗಿ ಮಾಡದ ಯಂತ್ರಕ್ಕೆ ಅದನ್ನು ಹಾಕಲು ನಾನು ಒಪ್ಪುವುದಿಲ್ಲ.

ಈಗ ಯಂತ್ರ. ನಿಮ್ಮ ಕಂಪ್ರೆಸರ್ ಎಂಜಿನ್ ಪಕ್ಕದಲ್ಲಿ, ಮುಚ್ಚಿದ ಸೀಟಿನ ಕೆಳಗೆ ಇದೆ ಅಂದಿರಿ. ನನಗೆ ಮೊದಲ ಅನುಮಾನ ಇಲ್ಲೇ. ಪೆಟ್ಟಿಗೆಯಿಂದ ತೆಗೆದ ಶಾಖವನ್ನೂ ತನ್ನದೇ ಶಾಖವನ್ನೂ ಅದು ಕಂಡೆನ್ಸರ್ ಮೂಲಕ ಸುತ್ತಲಿನ ಗಾಳಿಗೆ ಬಿಡಬೇಕು. ಆ ಗಾಳಿ ಹೊರಗೆ ಹೋಗದೆ ಅಲ್ಲೇ ಸುತ್ತುತ್ತಿದ್ದರೆ ಬಿಟ್ಟ ಶಾಖವನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಕಂಡೆನ್ಸರ್ ಒಂದೊಂದು ಡಿಗ್ರಿ ಬಿಸಿಯಾದಾಗಲೂ ದಕ್ಷತೆ ನೂರಕ್ಕೆ ಎರಡು ಮೂರು ಪಾಲು ಕುಸಿಯುತ್ತದೆ. ಕ್ಯಾಬಿನ್ನಿನಲ್ಲಿ 33 ಡಿಗ್ರಿ, ಸೀಟಿನ ಕೆಳಗೆ 45 ಡಿಗ್ರಿ ಇದ್ದರೆ ಸುಮಾರು ಕಾಲು ಭಾಗ ಅಲ್ಲೇ ಹೋಯಿತು. ಕಂಡೆನ್ಸರಿಗೆ ಗಾಳಿ ಒಳಹೋಗುವ ಬಾಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಕ್ಯಾಬಿನ್ ಗಾಳಿಗಿಂತ ಎರಡು ಮೂರು ಡಿಗ್ರಿಗಿಂತ ಜಾಸ್ತಿ ತೋರಿಸಿದರೆ ಗಾಳಿ ದಾರಿ ಸರಿಯಿಲ್ಲ.

ಪರಿಹಾರ ಅಗ್ಗ. ದೋಣಿಯ ತಂಪಾದ ತಗ್ಗು ಜಾಗದಿಂದ, ಎಂಜಿನ್ ಇಲ್ಲದ ಕಡೆಯಿಂದ, 10 ಸೆಂ.ಮೀ. ಅಗಲದ ಕೊಳವೆಯಲ್ಲಿ ಗಾಳಿ ತಂದು ನೇರ ಕಂಡೆನ್ಸರಿಗೆ ಕೊಡಿ. ಬಿಸಿ ಗಾಳಿಗೆ ಸೀಟಿನ ಮೇಲ್ಭಾಗದಲ್ಲಿ ಬೇರೆ ಕಿಂಡಿ ಮಾಡಿ. ಎರಡರ ನಡುವೆ ಒಂದು ಹಲಗೆ ಅಡ್ಡ ನಿಲ್ಲಿಸಿ, ಬಿಸಿ ಗಾಳಿ ವಾಪಸ್ ಬರದ ಹಾಗೆ. ಕಂಡೆನ್ಸರಿನ ರೆಕ್ಕೆಗಳಲ್ಲಿ ಉಪ್ಪು, ನೂಲು, ಧೂಳು ಸೇರಿ ಕಂಬಳಿ ಕಟ್ಟಿರುತ್ತದೆ, ಮೆತ್ತನೆ ಬ್ರಷ್ಷಿನಿಂದ ತೆಗೆಯಿರಿ. ಫ್ಯಾನ್ ತಿರುಗುತ್ತಿದೆಯಾ ಅನ್ನುವುದೂ ನೋಡಿ. ಇದೆಲ್ಲ ಹೇಳಬೇಕಾ ಅನ್ನಿಸಬಹುದು, ಆದರೆ ಕಂಪ್ರೆಸರ್ ಸತ್ತಿದೆ ಅಂತ ಕರೆಸಿಕೊಂಡ ಎಷ್ಟೋ ಕಡೆ ಸತ್ತಿರುವುದು ಫ್ಯಾನ್.

ಬೆಳಗಿನ ಜಾವ ತಾನಾಗಿ ನಿಲ್ಲುವುದಕ್ಕೆ ಬ್ಯಾಟರಿ ಒಂದೇ ಕಾರಣ ಅಂತ ತಿಳಿಯಬೇಡಿ. ಮೊದಲು ಡ್ಯಾನ್‌ಫಾಸ್ ಹೆಸರಲ್ಲಿ, ಈಗ ಸೆಕಾಪ್ ಹೆಸರಲ್ಲಿ ಬರುವ ಬಿಡಿ-35, ಬಿಡಿ-50 ಕಂಪ್ರೆಸರುಗಳೇ ದೋಣಿಗಳಲ್ಲಿ ಜಾಸ್ತಿ. ಅವುಗಳ ಕಂಟ್ರೋಲ್ ಪೆಟ್ಟಿಗೆ ತನ್ನ ಬಾಯಲ್ಲಿ 10.4 ವೋಲ್ಟಿಗೆ ಇಳಿದರೆ ಯಂತ್ರ ನಿಲ್ಲಿಸುತ್ತದೆ, 11.7 ಬರುವ ತನಕ ಮತ್ತೆ ಏಳುವುದಿಲ್ಲ. ತೆಳು ವೈರು, ಹಸಿರುಗಟ್ಟಿದ ಟರ್ಮಿನಲ್, ಸಡಿಲವಾದ ಫ್ಯೂಸ್ ಇದ್ದರೆ ಬ್ಯಾಟರಿಯಲ್ಲಿ 11.8 ಇದ್ದರೂ ಅಲ್ಲಿಗೆ ತಲುಪುವಾಗ ಕಡಿಮೆ. 12 ವೋಲ್ಟಿಗೆ ತಯಾರಕರ ಅಳತೆ ನೆನಪಿಡುವುದು ಸುಲಭ: ಬ್ಯಾಟರಿಯಿಂದ 4 ಮೀಟರ್ ದೂರಕ್ಕೆ 4 ಚದರ ಮಿ.ಮೀ. ವೈರು, 6 ಮೀಟರಿಗೆ 6. ನೇರ ಬ್ಯಾಟರಿಯಿಂದ, ನಡುವೆ ಒಂದು 15 ಆಂಪಿಯರ್ ಫ್ಯೂಸ್. ಆ ಕಂಟ್ರೋಲ್ ಪೆಟ್ಟಿಗೆಗೆ ಒಂದು ಎಲ್‌ಇಡಿ ಸಿಕ್ಕಿಸಿಕೊಂಡರೆ ಯಂತ್ರ ಯಾಕೆ ನಿಂತಿತು ಅಂತ ಅದೇ ಹೇಳುತ್ತದೆ. ಒಂದು ಸಲ ಮಿನುಗಿದರೆ ವೋಲ್ಟೇಜ್ ಸಾಲದು, ಎರಡು ಸಲ ಫ್ಯಾನ್, ಮೂರು ಸಲ ಮೋಟಾರ್ ಏಳುತ್ತಿಲ್ಲ, ಐದು ಸಲ ಕಂಟ್ರೋಲ್ ಪೆಟ್ಟಿಗೆಯೇ ಕಾದಿದೆ.

ಮುಚ್ಚಳಕ್ಕೆ ಬರೋಣ. ಮೇಲಿನ ಮುಚ್ಚಳ ಒಳ್ಳೆಯದು, ತಣ್ಣಗಿನ ಗಾಳಿ ಭಾರ ಇರುವುದರಿಂದ ತೆಗೆದಾಗ ಚೆಲ್ಲಿಹೋಗುವುದಿಲ್ಲ. ಆದರೆ ಅದೇ ಕಾರಣಕ್ಕೆ ತಳದ ನೀರು ಹೋಗುವ ತೂತು ತೆರೆದಿದ್ದರೆ ತಂಪೆಲ್ಲ ಅಲ್ಲಿಂದ ಸದ್ದಿಲ್ಲದೆ ಇಳಿದುಹೋಗುತ್ತದೆ. ಇವತ್ತೇ ಬಿರಡೆ ಹಾಕಿ. ಇಲ್ಲವೇ ಕೊಳವೆಯನ್ನು ಬಗ್ಗಿಸಿ ನೀರು ನಿಲ್ಲುವ ಹಾಗೆ ಮಾಡಿ. ಮುಚ್ಚಳದ ರಬ್ಬರ್ ನೋಡಲು ಒಂದು ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆಯಿರಿ, ನಾಲ್ಕೂ ಕಡೆ. ಸಲೀಸಾಗಿ ಬಂದರೆ ಅಲ್ಲಿ ಸೋರುತ್ತದೆ. ಮುಚ್ಚಳ ಹೆಚ್ಚಾಗಿ ಗೋಡೆಗಿಂತ ತೆಳ್ಳಗಿರುತ್ತದೆ, ಎರಡೂವರೆ ಸೆಂ.ಮೀ. ಫೋಮ್ ಹಾಕಿ ಬಿಟ್ಟಿರುತ್ತಾರೆ. ಹೊಸ ದಪ್ಪ ಮುಚ್ಚಳ, ಮೇಲೊಂದು ಕೆಳಗೊಂದು ರಬ್ಬರ್, ಇಷ್ಟು ಮಾಡಲು ಒಂದು ಶನಿವಾರ ಸಾಕು.

ಇಷ್ಟೆಲ್ಲ ಮಾಡಿ ಮತ್ತೆ ಆ ನೀರಿನ ಪರೀಕ್ಷೆ ಮಾಡಿ. ಆಗಲೂ 40 ವಾಟ್ ಬಂದರೆ ಫೋಮ್ ಒದ್ದೆಯಾಗಿದೆ ಅಂತಲೇ ಅರ್ಥ. ಉಷ್ಣವಲಯದ ದೋಣಿಯಲ್ಲಿ ಇದು ಅಪರೂಪ ಅಲ್ಲ. 32 ಡಿಗ್ರಿ, ನೂರಕ್ಕೆ 80ರಷ್ಟು ತೇವ ಇರುವ ಗಾಳಿ 28 ಡಿಗ್ರಿಗೇ ಇಬ್ಬನಿ ಬಿಡುತ್ತದೆ. ನಿಮ್ಮ ಫೋಮಿನ ಒಳ ಅಂಚು 9 ಡಿಗ್ರಿ. ಹಾಗಾಗಿ ಹೊರಗಿನ ನೀರಾವಿ ಹಗಲೂ ರಾತ್ರಿ ತಣ್ಣಗಿನ ಕಡೆಗೆ ಜಿನುಗಿ, ಫೋಮಿನೊಳಗೆ ನೀರಾಗಿ ನಿಲ್ಲುತ್ತದೆ. ಒಳಗಿನ ಫೈಬರ್ ಗೋಡೆ ಅದನ್ನು ಹೊರಗೆ ಬಿಡುವುದಿಲ್ಲ. ಫೋಮ್ ಕೆಲಸ ಮಾಡುವುದೇ ಅದರ ಗುಳ್ಳೆಗಳಲ್ಲಿ ನಿಂತ ಗ್ಯಾಸಿನಿಂದ. ಅಲ್ಲಿ ನೀರು ಕೂತರೆ, ನೀರು ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖ ದಾಟಿಸುತ್ತದೆ. ಒದ್ದೆ ಕಂಬಳಿ ಹೊದ್ದ ಹಾಗೆ, ದಪ್ಪ ಇದೆ, ಬೆಚ್ಚಗಿಲ್ಲ. ಮುಚ್ಚಿದ ಗುಳ್ಳೆಯ ಫೋಮ್ ನೀರು ಹೀರುವುದಿಲ್ಲ ಅಂತ ಹೇಳುತ್ತಾರೆ. ನಿಧಾನ ಹೀರುತ್ತದೆ ಅನ್ನುವುದು ಸರಿ, ಪಾಲಿಯುರೆಥೇನ್ ಅಂತೂ ವರ್ಷಗಳಲ್ಲಿ ಚೆನ್ನಾಗಿಯೇ ಹೀರುತ್ತದೆ.

ಖಚಿತ ಮಾಡಿಕೊಳ್ಳಲು ಪೆಟ್ಟಿಗೆಯ ಹೊರಗಿನಿಂದ, ತಳದ ಹತ್ತಿರ ಒಂದು ಸಣ್ಣ ತೂತು ಕೊರೆಯಿರಿ. ಕೊರೆದ ಪುಡಿ ಕೈಯಲ್ಲಿ ಹಿಸುಕಿ ನೋಡಿ. ಒಣಗಿದ್ದರೆ ತೂತು ಎಪಾಕ್ಸಿಯಿಂದ ಮುಚ್ಚಿ. ಕೊರೆಯುವ ಮೊದಲು ಗ್ಯಾಸ್ ಪೈಪು ಎಲ್ಲಿ ಹೋಗಿದೆ ಅಂತ ನೋಡಿಕೊಳ್ಳಿ, ಆಮೇಲೆ ನನ್ನನ್ನು ಬೈಯಬೇಡಿ.

ಒದ್ದೆಯಾಗಿದ್ದರೆ ಸರಿಯಾದ ದಾರಿ ಪೂರ್ತಿ ಕಿತ್ತು ಹೊಸದಾಗಿ ಕಟ್ಟುವುದು. ಕೊಳಕು ಕೆಲಸ, ವಾರಗಟ್ಟಲೆ ಹಿಡಿಯಬಹುದು, ಅಡುಗೆ ಜಾಗ ಬಿಚ್ಚಬೇಕಾಗುತ್ತದೆ. ಬಿಸಿ ಸೀಮೆಗೆ ಫ್ರಿಜ್ಜಿಗೆ 10 ಸೆಂ.ಮೀ., ಫ್ರೀಜರಿಗೆ 15 ಸೆಂ.ಮೀ. ಅನ್ನುವುದು ನನ್ನ ಕನಿಷ್ಠ. ಎಂಜಿನ್ ಕಡೆಯ ಗೋಡೆಗೂ ಬಿಸಿಲು ಬೀಳುವ ಹೊರಮೈ ಕಡೆಗೂ ಇನ್ನೂ ಸ್ವಲ್ಪ ಜಾಸ್ತಿ. 5ರಿಂದ 10ಕ್ಕೆ ಏರಿಸಿದರೆ, ಒಳಗೆ 4 ಹೊರಗೆ 35 ಡಿಗ್ರಿ ಇದ್ದಾಗ, ಗೋಡೆಯಿಂದ ಬರುವ ಶಾಖ 25 ವಾಟಿನಿಂದ 15ಕ್ಕೆ ಇಳಿಯುತ್ತದೆ. ಅರ್ಧ ಆಗುವುದಿಲ್ಲ ಯಾಕೆ ಅಂದರೆ, ದಪ್ಪ ಆದಂತೆ ಹೊರಮೈಯ ವಿಸ್ತಾರವೂ ಹೆಚ್ಚುತ್ತದೆ. ಹಾಳೆಗಳನ್ನು ಎರಡು ಮೂರು ಪದರವಾಗಿ, ಸಂದುಗಳು ಒಂದರ ಮೇಲೊಂದು ಬರದ ಹಾಗೆ ಕೂರಿಸಿ. ಆವಿ ತಡೆಯುವ ಪದರ ಹೊರಗಡೆ, ಬಿಸಿ ಇರುವ ಕಡೆ ಬರಬೇಕು. ಅಲ್ಯುಮಿನಿಯಂ ಹಾಳೆಯ ನಿಜವಾದ ಜಾಗ ಅದು. ಸಂದುಗಳಿಗೆಲ್ಲ ಅದೇ ಟೇಪು.

ಫೋಮ್ ಯಾವುದು ಅಂದರೆ, ನೀರಿನ ವಿಷಯದಲ್ಲಿ ಒತ್ತಿ ಮಾಡಿದ ಗಟ್ಟಿ ಪಾಲಿಸ್ಟೈರೀನ್ ಹಾಳೆಯನ್ನು ನಾನು ಹೆಚ್ಚು ನಂಬುತ್ತೇನೆ, ಶಾಖ ತಡೆಯುವುದರಲ್ಲಿ ಪಾಲಿಯುರೆಥೇನ್ ಸ್ವಲ್ಪ ಮುಂದು. ಬಿಳಿ ಥರ್ಮೋಕೋಲ್ ಬೇಡ. ಪಾಲಿಸ್ಟೈರೀನ್ ಮೇಲೆ ಪಾಲಿಯೆಸ್ಟರ್ ರೆಸಿನ್ ಹಚ್ಚಿದರೆ ಫೋಮ್ ಕಣ್ಣೆದುರೇ ಕರಗುತ್ತದೆ, ಎಪಾಕ್ಸಿಯೇ ಆಗಬೇಕು. ಡಬ್ಬಿಯಿಂದ ಚಿಮ್ಮಿಸುವ ಫೋಮ್ ಸಂದು ಮುಚ್ಚಲು ಸಾಕು, ಗೋಡೆ ತುಂಬಲು ಅಲ್ಲ. ಅದು ಗಾಳಿಯ ತೇವದಿಂದ ಗಟ್ಟಿಯಾಗುವುದು, ಮುಚ್ಚಿದ ಜಾಗದ ನಡುವೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಎರಡು ದ್ರವ ಬೆರೆಸಿ ಸುರಿಯುವ ಫೋಮ್ ಮೂಲೆಮೂಲೆಗೂ ಹೋಗುತ್ತದೆ ನಿಜ, ಆದರೆ ಉಬ್ಬುವ ಜೋರಿಗೆ ಒಳಗೋಡೆ ಬಾಗುತ್ತದೆ, ಒಟ್ಟಿಗೆ ಜಾಸ್ತಿ ಸುರಿದರೆ ಒಳಗೆ ಕಾದು ಸುಟ್ಟುಹೋಗುವ ಅಪಾಯವಿದೆ, ಹೊಗೆಯಲ್ಲಿ ಐಸೊಸಯನೇಟ್ ಅನ್ನುವ, ಉಸಿರಾಟಕ್ಕೆ ಕೆಡುಕಾದ ರಾಸಾಯನಿಕ ಇರುತ್ತದೆ. ಸ್ವಲ್ಪ ಸ್ವಲ್ಪ ಸುರಿಯಿರಿ, ಗ್ಯಾಸ್ ಮಾಸ್ಕ್ ಇಲ್ಲದೆ ಮುಟ್ಟಬೇಡಿ. ನಿರ್ವಾತ ಫಲಕಗಳು, ಅಂದರೆ ಒಳಗಿನ ಗಾಳಿ ತೆಗೆದು ಮುಚ್ಚಿದ ಹಲಗೆಗಳು, ತೆಳ್ಳಗಿದ್ದೂ ಫೋಮಿಗಿಂತ ಮೂರು ನಾಲ್ಕು ಪಟ್ಟು ಚೆನ್ನಾಗಿ ತಡೆಯುತ್ತವೆ, ಆದರೆ ಕತ್ತರಿಸುವಂತಿಲ್ಲ, ಒಂದು ಸ್ಕ್ರೂ ತಗುಲಿದರೆ ಆ ಫಲಕದ ಕತೆ ಮುಗಿಯಿತು. ಜಾಗವೇ ಇಲ್ಲದ ಒಂದು ಗೋಡೆಗೆ ಮಾತ್ರ ನಾನು ಸೂಚಿಸುತ್ತೇನೆ, ಅದೂ ಎರಡು ಫೋಮ್ ಹಾಳೆಗಳ ನಡುವೆ.

ಅಷ್ಟು ದೊಡ್ಡ ಕೆಲಸ ಈಗ ಆಗದು ಅಂದರೆ ಪೆಟ್ಟಿಗೆಯ ಒಳಗಡೆಯೇ 4 ಸೆಂ.ಮೀ. ಹೊಸ ಹಾಳೆ ಅಂಟಿಸಿ, ಮೇಲೆ ಎಪಾಕ್ಸಿ ಮತ್ತು ಗಾಜಿನ ಬಟ್ಟೆ ಹಾಕಬಹುದು. ಹಳೇ ಫೋಮ್ ಒದ್ದೆಯಾಗಿಯೇ ಉಳಿಯುತ್ತದೆ, ಆದರೂ ಗೋಡೆಯ ಶಾಖ ಅರ್ಧಕ್ಕಿಂತ ಕೆಳಗೆ ಬರುತ್ತದೆ. ಬೆಲೆ ತೆರುವುದು ಜಾಗದಲ್ಲಿ. 50, 50, 40 ಸೆಂ.ಮೀ.ನ 100 ಲೀಟರ್ ಪೆಟ್ಟಿಗೆಗೆ ತಳ ಮತ್ತು ನಾಲ್ಕು ಗೋಡೆಗೆ 4 ಸೆಂ.ಮೀ. ಹಾಕಿದರೆ ಉಳಿಯುವುದು ಬರೀ 63 ಲೀಟರ್. ಇಬ್ಬರಿಗೆ ಸಾಕಾಗಬಹುದು, ಯೋಚಿಸಿ. ಚಿಕ್ಕ ಪೆಟ್ಟಿಗೆ ಚೆನ್ನಾಗಿ ತಣಿಯುವುದು ದೊಡ್ಡ ಪೆಟ್ಟಿಗೆ ಅರೆಬರೆ ತಣಿಯುವುದಕ್ಕಿಂತ ಮೇಲು ಅಂತ ನನ್ನ ಅಭಿಪ್ರಾಯ.

ನೀರಿನಿಂದ ತಣಿಸುವುದು ಕೆಟ್ಟ ಸಲಹೆಯೇನಲ್ಲ. ಸಮುದ್ರ 29-30 ಡಿಗ್ರಿ ಇದ್ದರೂ ಎಂಜಿನ್ ಪಕ್ಕದ ಗಾಳಿಗಿಂತ ಅದು ತಂಪು, ಶಾಖವೂ ಬೇಗ ಹೊರಟುಹೋಗುತ್ತದೆ. ಪಂಪು ಇರುವ ವ್ಯವಸ್ಥೆಯಲ್ಲಿ ಪಂಪು ತಾನೂ ಕರೆಂಟು ತಿನ್ನುತ್ತದೆ, ಜಾಲರಿಯಲ್ಲಿ ಕಸ ಸಿಕ್ಕುತ್ತದೆ, ಬಿಸಿ ಕಡಲಲ್ಲಿ ಕೊಳವೆಯೊಳಗೆ ಚಿಪ್ಪುಜೀವಿಗಳು ಮನೆ ಮಾಡುತ್ತವೆ. ದೋಣಿಯ ಹೊರಗೆ ಕೂರಿಸುವ ಕಂಚಿನ ತಣಿಸುವ ತುಂಡಿಗೆ ಪಂಪು ಬೇಡ. ಆದರೆ ಅದಕ್ಕೆ ದೋಣಿಯ ತಳದಲ್ಲಿ ಒಂದು ತೂತು ಬೇಕು, ಸವೆತ ತಡೆಯಲು ಜಿಂಕ್ ನೋಡಿಕೊಳ್ಳಬೇಕು, ಆಗಾಗ ಮುಳುಗಿ ಉಜ್ಜಬೇಕು, ದೋಣಿಯನ್ನು ದಡಕ್ಕೆ ಎತ್ತಿದ ದಿನ ಫ್ರಿಜ್ ಬಂದ್. ಗಾಳಿ ದಾರಿ ಸರಿಮಾಡಿ ನೋಡಿದ ಮೇಲೂ ಸಾಲದಿದ್ದರೆ ಮಾತ್ರ ಅದರ ಕಡೆ ಹೋಗಿ.

ಬಳಕೆಯ ವಿಷಯ ಚಿಕ್ಕದಾಗಿ. ಆರು ಲೀಟರ್ ಬೆಚ್ಚಗಿನ ಕುಡಿಯುವ ನೀರನ್ನು 32ರಿಂದ 5 ಡಿಗ್ರಿಗೆ ತರಲು ಹೆಚ್ಚುಕಡಿಮೆ 12 ಆಂಪಿಯರ್-ಅವರ್ ಬೇಕು. ಅದನ್ನು ಸಂಜೆ ತುಂಬಿಸಿದರೆ ರಾತ್ರಿ ಬ್ಯಾಟರಿಯಿಂದ ಹೋಗುತ್ತದೆ, ಬೆಳಗ್ಗೆ ಹತ್ತಕ್ಕೆ ತುಂಬಿಸಿದರೆ ಸೋಲಾರಿನಿಂದ. ಇವಾಪೊರೇಟರ್ ಮೇಲೆ ಹಿಮ ಅರ್ಧ ಸೆಂ.ಮೀ. ಆದ ಕೂಡಲೇ ಕರಗಿಸಿ, ಚಾಕುವಿನಿಂದ ಕೆರೆಯಬೇಡಿ, ತಟ್ಟೆ ತೂತಾದರೆ ಗ್ಯಾಸ್ ಎಲ್ಲ ಹೋಯಿತು.

ಕೊನೆಗೆ ರಾತ್ರಿ ಆಫ್ ಮಾಡುವುದು. ಉಳಿತಾಯ ಇದೆ, ತೀರಾ ಕಡಿಮೆ. ಪೆಟ್ಟಿಗೆ ಬೆಚ್ಚಗಾದಷ್ಟು ಮಾತ್ರ ಶಾಖ ಬರುವುದು ತಗ್ಗುತ್ತದೆ, ರಾತ್ರಿ ಸೇರಿದ ಶಾಖವನ್ನು ಬೆಳಗ್ಗೆ ಹೇಗೂ ಎತ್ತಿ ಹಾಕಬೇಕು. ಅಷ್ಟರಲ್ಲಿ ಹಾಲು, ಮೀನು 5 ಡಿಗ್ರಿ ದಾಟಿ ಗಂಟೆಗಟ್ಟಲೆ ಕೂತಿರುತ್ತವೆ. ನಿಮ್ಮದು ಈಗಲೇ 9ರಲ್ಲಿದೆ, ಹಾಗಾಗಿ ಬೇಡವೇ ಬೇಡ. ಪೆಟ್ಟಿಗೆ ಸರಿಯಾದ ಮೇಲೆ ಬೇರೆ ದಾರಿ ಇದೆ: ಮಧ್ಯಾಹ್ನ ಸೋಲಾರ್ ಮಿಗುವ ಹೊತ್ತಿಗೆ ಇವಾಪೊರೇಟರಿಗೆ ಅಂಟಿಸಿ ನೀರಿನ ಬಾಟಲಿಗಳನ್ನು ಇಟ್ಟು, ಥರ್ಮೋಸ್ಟಾಟ್ ತಂಪಿನ ಕಡೆ ತಿರುಗಿಸಿ ಮಂಜುಗಡ್ಡೆ ಮಾಡಿ. ರಾತ್ರಿ ವಾಪಸ್ ತಿರುಗಿಸಿ. 5 ಕಿಲೋ ಮಂಜುಗಡ್ಡೆ ಕರಗುವಾಗ 465 ವಾಟ್-ಅವರ್ ಶಾಖ ನುಂಗುತ್ತದೆ, 25-30 ವಾಟ್ ಸೋರುವ ಪೆಟ್ಟಿಗೆಗೆ ಅದು ರಾತ್ರಿಯಿಡೀ ಸಾಕು. ಅಷ್ಟು ಮಂಜುಗಡ್ಡೆ ಮಾಡಲು ಹಗಲು 40 ಆಂಪಿಯರ್-ಅವರ್ ಹೆಚ್ಚಿಗೆ ಬೇಕಾಗುತ್ತದೆ, ಅಷ್ಟು ಮಿಗದಿದ್ದರೆ 2 ಲೀಟರಿನಿಂದ ಶುರು ಮಾಡಿ. ಬಾಟಲಿಯನ್ನು ಕಂಠದ ತನಕ ತುಂಬಿಸಬೇಡಿ, ನೀರು ಗಡ್ಡೆಯಾಗುವಾಗ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ.